ರೇಟು ಹೇಳದ ಕರಾರು

ಮೊನ್ನೆ ರಾತ್ರಿ ಬುಲೆಟಿನ್ ಮುಗಿಸಿ ಮೇಕಪ್ ಒರೆಸಿಕೊಳ್ತಾ ಇದ್ದೆ. ನ್ಯೂಜೆರ್ಸಿಯಿಂದ ಹಳೇ ಗೆಳೆಯನ ಫೋನು. ಮಗಳಿಗೆ ಡಿಗ್ರಿ ಕೊನೇ ವರ್ಷ, ಮುಂದೆ ಲಾ ಓದಬೇಕಂತೆ. "ನವೆಂಬರ್ 15ರೊಳಗೆ ಒಂದು ಕಾಗದಕ್ಕೆ ಸಹಿ ಹಾಕಬೇಕು ಕಣೋ. ಸೀಟು ಕೊಟ್ರೆ ಇಲ್ಲಿಗೇ ಸೇರ್ತೀನಿ, ಬೇರೆ ಕಡೆ ಹಾಕಿರೋ ಅರ್ಜಿ ಎಲ್ಲಾ ವಾಪಸ್ ತಗೋತೀನಿ ಅಂತ. ಹಾಕಿಸ್ಲಾ?" ಸ್ಕಾಲರ್‌ಶಿಪ್ ಎಷ್ಟು ಕೊಡ್ತಾರೆ ಅಂತ ಕೇಳಿದೆ. "ಅದು ಆಮೇಲೆ ಹೇಳ್ತಾರಂತೆ" ಅಂದ.

ಆಮೇಲೆ! ವೀಕ್ಷಕರೇ, ಈ ಪದ್ಧತಿಗೆ ಅಲ್ಲಿ ಅರ್ಲಿ ಡಿಸಿಷನ್ ಅಂತಾರೆ. ಕೊಲಂಬಿಯಾ, ಚಿಕಾಗೋ, ವರ್ಜೀನಿಯಾದಂಥ ದೊಡ್ಡ ದೊಡ್ಡ ಲಾ ಸ್ಕೂಲುಗಳಲ್ಲೇ ಇದು ನಡೆದು ಬಂದಿದೆ. ಇದು ಎಲ್ಲಿಂದ ಬಂತು? ಸ್ವಲ್ಪ ಹಿಂದಕ್ಕೆ ಹೋಗೋಣ.

ಅಮೆರಿಕದಲ್ಲಿ ವಕೀಲನಾಗೋಕೆ ಒಂದು ಕಾಲದಲ್ಲಿ ಕಾಲೇಜೇ ಬೇಕಿರಲಿಲ್ಲ. ಹಿರಿಯ ವಕೀಲರ ಆಫೀಸಿನಲ್ಲಿ ಕಾಗದ ನಕಲು ಮಾಡುತ್ತಾ ಕಲಿಯುತ್ತಿದ್ದರು. ಅಬ್ರಹಾಂ ಲಿಂಕನ್ ತಾನೇ ಪುಸ್ತಕ ಓದಿಕೊಂಡು 1836ರಲ್ಲಿ ಸನ್ನದು ಪಡೆದವರು. 1870ರಲ್ಲಿ ಹಾರ್ವರ್ಡ್ ಲಾ ಸ್ಕೂಲಿಗೆ ಕ್ರಿಸ್ಟೋಫರ್ ಕೊಲಂಬಸ್ ಲ್ಯಾಂಗ್‌ಡೆಲ್ ಎಂಬ ಡೀನ್ ಬಂದರು. ಉಪನ್ಯಾಸ ಬಿಟ್ಟು, ಕೋರ್ಟಿನ ತೀರ್ಪುಗಳನ್ನೇ ಮುಂದಿಟ್ಟುಕೊಂಡು ಪ್ರಶ್ನೆ ಕೇಳಿ ಕೇಳಿ ಪಾಠ ಮಾಡುವ ಪದ್ಧತಿ ಶುರು ಮಾಡಿದರು. ಅದಕ್ಕಾಗಿ ಅವರು ತಂದ ಮೊದಲ ಪುಸ್ತಕ ಯಾವ ವಿಷಯದ್ದು ಗೊತ್ತಾ? ಕರಾರು ಕಾಯ್ದೆ. ಇವತ್ತಿಗೂ ಅಲ್ಲಿ ಮೊದಲ ವರ್ಷದ ಹುಡುಗರು ಕಲಿಯೋದು ಅದನ್ನೇ. ಏನು ಕೊಡ್ತೀಯ, ಬದಲಿಗೆ ಏನು ತಗೋತೀಯ ಅನ್ನೋದು ಸ್ಪಷ್ಟ ಇರಬೇಕು ಅಂತ. ಆದರೆ ಆ ಕ್ಲಾಸಿಗೆ ಕಾಲಿಡೋಕೆ ಮುಂಚೆಯೇ ರೇಟು ಬರೆಯದ ಕಾಗದಕ್ಕೆ ಸಹಿ!

1948ರಲ್ಲಿ ಎಲ್‌ಸ್ಯಾಟ್ ಪರೀಕ್ಷೆ ಬಂತು. ದೂರದೂರಿನ ಹುಡುಗರನ್ನೂ ಒಂದೇ ತಕ್ಕಡಿಯಲ್ಲಿ ತೂಗೋದು ಸಾಧ್ಯವಾಯ್ತು. ಒಬ್ಬೊಬ್ಬರು ಹತ್ತು ಕಡೆ ಅರ್ಜಿ ಹಾಕಿದರೆ ಕಾಲೇಜಿಗೆ ಚಿಂತೆ: ಸೀಟು ಕೊಟ್ಟವರಲ್ಲಿ ಬರೋರು ಎಷ್ಟು ಜನ? ಡಿಗ್ರಿ ಕಾಲೇಜುಗಳು ಇದೇ ಚಿಂತೆಗೆ 1950ರ ದಶಕದಲ್ಲಿ ಅರ್ಲಿ ಡಿಸಿಷನ್ ಎಂಬ ಮದ್ದು ಕಂಡುಕೊಂಡಿದ್ದವು. ಲಾ ಸ್ಕೂಲುಗಳಿಗೂ ಅದು ಬಂತು. 1980ರ ದಶಕದ ಕೊನೆಯಿಂದ ಯು.ಎಸ್. ನ್ಯೂಸ್ ಪತ್ರಿಕೆ ಲಾ ಸ್ಕೂಲುಗಳಿಗೆ ರ‍್ಯಾಂಕು ಕೊಡೋಕೆ ಹೊರಟ ಮೇಲಂತೂ ಕೇಳಬೇಕಾ? ನೂರು ಅರ್ಜಿಯಲ್ಲಿ ಎಷ್ಟು ಜನಕ್ಕೆ ಸೀಟು ಕೊಟ್ಟಿರಿ ಅನ್ನೋದೂ ಲೆಕ್ಕಕ್ಕೆ ಬಂತು. ಖಂಡಿತ ಬರುವವನಿಗೇ ಸೀಟು ಕೊಟ್ಟರೆ ಆ ಲೆಕ್ಕ ಚೆನ್ನಾಗಿ ಕಾಣುತ್ತೆ. (ಟಿ.ಆರ್.ಪಿ. ಹಿಂದೆ ಓಡುವ ನಾನು ಇದನ್ನ ಹೇಳ್ತಿದ್ದೀನಿ ಅಂತ ನಗಬೇಡಿ.) 2022ರ ನವೆಂಬರ್‌ನಲ್ಲಿ ಯೇಲ್, ಹಾರ್ವರ್ಡ್ ಲಾ ಸ್ಕೂಲುಗಳೇ ಈ ರ‍್ಯಾಂಕಿನ ಸಹವಾಸ ಬೇಡ ಅಂತ ಹೊರಬಂದವು.

ಈಗ ದುಡ್ಡಿನ ವಿಷಯಕ್ಕೆ ಬನ್ನಿ. ಹೆಸರುವಾಸಿ ಲಾ ಸ್ಕೂಲಿನಲ್ಲಿ ಊಟ, ಬಾಡಿಗೆ ಸೇರಿ ಮೂರು ವರ್ಷಕ್ಕೆ 3 ಲಕ್ಷ ಡಾಲರ್ ದಾಟುತ್ತದೆ. ಆದರೆ ಅದು ಸೀರೆ ಅಂಗಡಿಯ ಚೀಟಿ ಮೇಲಿನ ಬೆಲೆ ಇದ್ದ ಹಾಗೆ. ಅಂಕ ಚೆನ್ನಾಗಿದ್ದರೆ ಸ್ಕಾಲರ್‌ಶಿಪ್ ಹೆಸರಲ್ಲಿ ಕಡಿಮೆ ಮಾಡ್ತಾರೆ. ಒಂದು ಕಾಲೇಜಿನ ಪತ್ರ ತೋರಿಸಿ ಇನ್ನೊಂದು ಕಾಲೇಜಿನಲ್ಲಿ ಜಾಸ್ತಿ ಕೇಳಬಹುದು, ಕೇಳ್ತಾರೆ ಕೂಡ. ನಮ್ಮ ದನದ ಜಾತ್ರೆಯಲ್ಲಿ ಟವೆಲ್ ಕೆಳಗೆ ಬೆರಳು ಹಿಡಿದು ವ್ಯಾಪಾರ ಮಾಡ್ತಾರಲ್ಲ, ಅದೇ ಕಥೆ. ಅರ್ಲಿ ಡಿಸಿಷನ್‌ಗೆ ಸಹಿ ಹಾಕಿದವರಿಗೆ ಆ ಟವೆಲ್ಲೇ ಇಲ್ಲ. ಎತ್ತು ನಿಮ್ಮದು, ಬೆಲೆ ನಾವು ಹೇಳಿದ್ದು!

ಎಲ್ಲರೂ ಹೀಗೆ ಅಂತಲ್ಲ. ಚಿಕಾಗೋದ ನಾರ್ತ್‌ವೆಸ್ಟರ್ನ್ ಲಾ ಸ್ಕೂಲು, ಹೀಗೆ ಸಹಿ ಹಾಕಿ ಬಂದವರಿಗೆ 1,50,000 ಡಾಲರ್ ಸ್ಕಾಲರ್‌ಶಿಪ್ ಅಂತ ಮೊದಲೇ ಘೋಷಿಸಿದ್ದೂ ಉಂಟು. ಅದನ್ನ ನಾನು ನ್ಯಾಯದ ಕರಾರು ಅಂತೀನಿ. ಮನೆಯಲ್ಲಿ ದುಡ್ಡಿದ್ದು, ಅದೇ ಕಾಲೇಜು ಬೇಕು ಅನ್ನೋ ಮಗುವಿಗೂ ಇದರಿಂದ ನಷ್ಟವಿಲ್ಲ. ಡಿಸೆಂಬರ್ ಹೊತ್ತಿಗೆ ಸೀಟು ಗಟ್ಟಿಯಾದರೆ ನೆಮ್ಮದಿ. ಪೆಟ್ಟು ಬೀಳೋದು ಸಾಲ ಮಾಡಿ ಓದೋರಿಗೆ. ಹತ್ತು ಅಂಗಡಿ ಸುತ್ತಿ ಬೆಲೆ ಕೇಳಲೇಬೇಕಾದವರು ಅವರೇ ತಾನೇ?

ಸಹಿ ಹಾಕಿ ತಪ್ಪಿಸಿಕೊಂಡರೆ ಕಾಲೇಜು ಕೋರ್ಟಿಗೆ ಎಳೆಯುತ್ತಾ? ಸಾಮಾನ್ಯವಾಗಿ ಇಲ್ಲ. ಆದರೆ ಭಯ ಬೇರೆ ಕಡೆಯಿಂದ. ಅಲ್ಲಿ ಸನ್ನದು ಕೊಡುವ ಮುಂಚೆ ನಡತೆಯ ವಿಚಾರಣೆ ಇರುತ್ತದೆ. ಕೊಟ್ಟ ಮಾತು ಮುರಿದವನು ಅನ್ನೋ ಹೆಸರು ಹೊತ್ತು ಯಾವ ಭಾವೀ ವಕೀಲ ಆ ಬಾಗಿಲಿಗೆ ಹೋಗ್ತಾನೆ?

ಇಷ್ಟನ್ನೂ ಗೆಳೆಯನಿಗೆ ಹೇಳಿದೆ. ಮಗಳು ಫೋನ್ ಕಿತ್ತುಕೊಂಡಳು. "ಅಂಕಲ್, ಸಹಿ ಹಾಕಿದ್ರೆ ಚಾನ್ಸ್ ಜಾಸ್ತಿ ಅಂತಾರಲ್ಲ?" ಜಾಸ್ತಿ ಇರಬಹುದು ಪುಟ್ಟಾ, ಅಪ್ಪ ಇನ್ನೂ ಮನೆ ಸಾಲ ಕಟ್ತಿದ್ದಾನೆ ಅಲ್ವಾ ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ.

ವಾರದ ಮೇಲೆ ಮೆಸೇಜ್ ಬಂತು. ಸಹಿ ಹಾಕಲಿಲ್ಲವಂತೆ. ಸಾಮಾನ್ಯ ಸುತ್ತಿನಲ್ಲಿ ಒಂಬತ್ತು ಕಡೆ ಅರ್ಜಿ ಹಾಕಿದ್ದಾಳೆ. ಅಪ್ಪನಿಗೆ ಇನ್ನೂ ಸಿಟ್ಟಿದೆ, ನನ್ನ ಮೇಲೆ.