ಬಿಟ್ಟ ಕಂದಾಯ, ಕೊಟ್ಟ ಭಾಗ್ಯ

ನಾಗಮಂಗಲ ತಾಲ್ಲೂಕಿನ ಹೊಣಕೆರೆ. ಹೆಸರಲ್ಲೇ ಕೆರೆ ಇದೆ. ಹಿಂದಿನ ಕಾಲದಲ್ಲಿ ಕೆರೆ ಕಟ್ಟಿದವರಿಗೆ ಏನು ಸಿಗ್ತಿತ್ತು ಗೊತ್ತಾ?

ಹಳೇ ಮೈಸೂರು ಸೀಮೆಯ ಶಾಸನಗಳಲ್ಲಿ ‘ಕಟ್ಟುಗೊಡಗೆ’ ಅನ್ನೋ ಮಾತು ಬರುತ್ತೆ. ಕೆರೆ ಕಟ್ಟಿದವರಿಗೆ, ನೋಡಿಕೊಂಡವರಿಗೆ ಬಿಟ್ಟ ಜಮೀನು. ಕಂದಾಯ ಇಲ್ಲ, ಇದ್ದರೂ ಕಡಿಮೆ. ದೇವಸ್ಥಾನ, ಅಗ್ರಹಾರಗಳಿಗೆ ಸರ್ವಮಾನ್ಯ. ಬೊಕ್ಕಸದಿಂದ ಒಂದು ಕಾಸೂ ಹೊರಗೆ ಹೋಗಲಿಲ್ಲ. ಆದರೆ ಬರಬೇಕಾದದ್ದು ಬರಲಿಲ್ಲ. ಲೆಕ್ಕ ಹಾಕಿದರೆ ಎರಡೂ ಒಂದೇ.

ಕೊಡಗೆಗೆ ಒಂದು ಕೆಲಸವಾದರೂ ಅಂಟಿಕೊಂಡಿತ್ತು. ಎಷ್ಟೋ ಇನಾಂಗಳು ಮಾತ್ರ ತಲೆಮಾರುಗಟ್ಟಲೆ ಸಾಗಿ ಹಕ್ಕೇ ಆಗಿಹೋದವು. ಅವನ್ನು ರದ್ದು ಮಾಡಲು ಮೈಸೂರು ಸರ್ಕಾರ 1954 ಮತ್ತು 1955ರಲ್ಲಿ ಎರಡು ಕಾಯ್ದೆ ತರಬೇಕಾಯಿತು.

ಈಗ ಇವತ್ತಿಗೆ ಬನ್ನಿ. 2023ರಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ಉಚಿತ ಬಸ್, ಮನೆಯೊಡತಿಗೆ ತಿಂಗಳಿಗೆ 2,000 ರೂಪಾಯಿ. ‘ಬಿಟ್ಟಿ ಭಾಗ್ಯ’ ಅಂದರು. 2019ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಕಂಪನಿಗಳ ತೆರಿಗೆಯನ್ನು ಶೇ. 30ರಿಂದ 22ಕ್ಕೆ ಇಳಿಸಿತು. ವರ್ಷಕ್ಕೆ 1.45 ಲಕ್ಷ ಕೋಟಿ ಆದಾಯ ಬಿಡುತ್ತಿದ್ದೇವೆ ಅಂತ ತಾನೇ ಹೇಳಿತು. ಅದಕ್ಕೆ ‘ಪ್ರೋತ್ಸಾಹ’ ಅಂತ ಹೆಸರು!

ಹೊಣಕೆರೆ ರೈತನ ಬೇಸಾಯದ ಆದಾಯಕ್ಕೂ ಆದಾಯ ತೆರಿಗೆ ಇಲ್ಲ, 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕರೆಂಟ್ ಬಿಲ್ ಇಲ್ಲ. ಅದೂ ಸಬ್ಸಿಡಿಯೇ. ಸಬ್ಸಿಡಿ ತಪ್ಪು ಅಂತ ನಾನು ಹೇಳ್ತಿಲ್ಲ. ಆದರೆ ಬಸ್ಸಲ್ಲಿ ಕೂತ ತಾಯಿಯ ಟಿಕೆಟ್ ಲೆಕ್ಕವನ್ನು ಸ್ಟುಡಿಯೋದಲ್ಲಿ ಎಷ್ಟೋ ಸಲ ಕೇಳಿದ್ದೇನೆ. ಬಿಟ್ಟ ತೆರಿಗೆಯ ಲೆಕ್ಕ ಕೇಳಿದ್ದು ಕಮ್ಮಿ. ಅದು ನನ್ನ ತಪ್ಪು.

ಕೊಟ್ಟಿದ್ದಕ್ಕೂ ಬಿಟ್ಟಿದ್ದಕ್ಕೂ ಪ್ರಶ್ನೆ ಒಂದೇ ಇರಲಿ: ಕೊಡಗೆ ಸರಿ, ಕೆರೆ ತುಂಬಿತಾ?