ಎರಡು ಪಂಚಾಂಗದ ಮನೆ

ನನ್ನ ತವರು ನಂಜನಗೂಡು, ಸೇರಿದ ಮನೆ ತಿರುಮಕೂಡಲು ನರಸೀಪುರ. ತವರಿನ ಸ್ನಾನಘಟ್ಟದ ಬಳಿ ಹರಿಯುವ ಕಪಿಲೆಯೇ ನರಸೀಪುರಕ್ಕೆ ಬಂದು ಕಾವೇರಿಯನ್ನು ಸೇರುತ್ತಾಳೆ. ಮದುವೆಯಾದ ಹೊಸತರಲ್ಲಿ ಸಂಗಮದ ಮೆಟ್ಟಿಲ ಮೇಲೆ ಕೂತು, ಅಮ್ಮ ಬಿಂದಿಗೆ ಅದ್ದಿದ ನೀರೇ ಇಲ್ಲಿಗೆ ಬಂತೇನೋ ಎಂದುಕೊಳ್ಳುತ್ತಿದ್ದೆ. ನೀರೇನೋ ಒಂದೇ. ದಿನ ಮಾತ್ರ ಎರಡೂ ಊರಿಗೆ ಒಂದೇ ಆಗಿರಲಿಲ್ಲ.

ಅಣ್ಣ ತವರುಮನೆಯಲ್ಲೇ ಉಳಿದ. ತಮ್ಮ ಮೇಷ್ಟರ ಕೆಲಸದ ಮೇಲೆ ನರಸೀಪುರಕ್ಕೆ ಬಂದು ನಮ್ಮ ಹಿಂದಿನ ಬೀದಿಯಲ್ಲೇ ಮನೆ ಮಾಡಿದ. ಅಣ್ಣನ ಮನೆಯ ಮೊಳೆಗೆ ತಾತನ ಕಾಲದಿಂದ ತೂಗುತ್ತಿದ್ದದ್ದು ಸೂರ್ಯಸಿದ್ಧಾಂತದ ಲೆಕ್ಕದ ಪಂಚಾಂಗ. ತಮ್ಮ ವಿಜ್ಞಾನ ಹೇಳಿಕೊಡುವವನು. ಅವನು ತರಿಸುತ್ತಿದ್ದದ್ದು ದೃಗ್ಗಣಿತದ ಪಂಚಾಂಗ. ಏಕಾದಶಿ ಅಲ್ಲಿ ಇಂದು, ಇಲ್ಲಿ ನಾಳೆ ಎಂದಾಗ ನಾವು ನಕ್ಕು ಸುಮ್ಮನಾಗುತ್ತಿದ್ದೆವು. ಉಪವಾಸ ಅವರವರ ಹೊಟ್ಟೆಗೆ ಸೇರಿದ್ದು.

ಅಪ್ಪ ಹೋದ ಮೇಲೆ ನಗು ನಿಂತಿತು. ಅಪ್ಪನ ತಿಥಿ ಆಷಾಢ ಬಹುಳ ಅಷ್ಟಮಿ. ಒಂದು ವರ್ಷ ನಂಜನಗೂಡಿನಲ್ಲಿ, ಇನ್ನೊಂದು ವರ್ಷ ನರಸೀಪುರದಲ್ಲಿ ಇಬ್ಬರೂ ಸೇರಿ ಶ್ರಾದ್ಧ ಮಾಡುವುದೆಂದು ಮಾತಾಗಿತ್ತು. ನಾಲ್ಕನೆಯ ವರ್ಷ ನರಸೀಪುರದ ಸರದಿ. ಅಮ್ಮ ಹಿಂದಿನ ಸಂಜೆಯೇ ಬಸ್ಸಿನಲ್ಲಿ ಬಂದಿಳಿದಳು. ಬೆಳಗಾಯಿತು, ಪುರೋಹಿತರು ಬಂದರು, ಅಣ್ಣ ಬರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅವನು ಹೇಳಿಕಳಿಸಿದ: "ತಿಥಿ ನಾಳೆ. ಇವತ್ತು ಮಾಡಿದರೆ ಅದು ಬರೀ ಊಟ." ತಮ್ಮನಿಗೆ ಸಿಟ್ಟು ಬಂತು. ಅವನು ಅಂದೇ ಮಾಡಿ ಮುಗಿಸಿದ. ಮರುದಿನ ಅಣ್ಣ ಅಲ್ಲಿ ತಾನೇ ಮಾಡಿದ. ಅಮ್ಮ ಎರಡು ದಿನವೂ ಎಲೆಯ ಮುಂದೆ ಕೂರಲಿಲ್ಲ. ನಾನು ಹಾಲು ತೆಗೆದುಕೊಂಡು ಹೋದರೆ, "ನಿಮ್ಮಪ್ಪ ಹೋದದ್ದು ಒಂದೇ ಸಲ ಕಣೇ, ಎರಡು ದಿನ ಹೋಗಲಿಲ್ಲ" ಎಂದಳು.

ಆಮೇಲೆ ನಾನು ಇದರ ಬೇರು ಹುಡುಕಿಕೊಂಡು ಹೋದೆ. ತಿಥಿ ಎಂದರೆ ಚಂದ್ರನು ಸೂರ್ಯನಿಂದ 12 ಡಿಗ್ರಿ ದೂರ ಸರಿಯಲು ಹಿಡಿಯುವ ಕಾಲ. ಹೆಚ್ಚಿನ ವ್ರತಗಳಿಗೆ ಸೂರ್ಯೋದಯದ ಹೊತ್ತಿಗೆ ಇರುವ ತಿಥಿ ಮುಖ್ಯ, ಶ್ರಾದ್ಧಕ್ಕೆ ಅಪರಾಹ್ಣದ್ದು. ತಿಥಿ ಮುಗಿಯುವ ಗಳಿಗೆ ಈ ಗಡಿಯ ಅತ್ತ ಬಿದ್ದರೆ ಒಂದು ದಿನ, ಇತ್ತ ಬಿದ್ದರೆ ಇನ್ನೊಂದು. ತಿಥಿ ಹೆಚ್ಚೆಂದರೆ ಐದು ಗಳಿಗೆ ಬೆಳೆಯುತ್ತದೆ, ಆರು ಗಳಿಗೆ ಕುಗ್ಗುತ್ತದೆ ಎಂಬುದು ಹಳಬರ ಲೆಕ್ಕ. ಬಾಣವೃದ್ಧಿ ರಸಕ್ಷಯ ಎಂದು ಅದಕ್ಕೆ ಹೆಸರು. ಅಂದರೆ 54ರಿಂದ 65 ಗಳಿಗೆ. ಆಕಾಶವನ್ನು ನೋಡಿ ತಾಳೆ ಹಾಕುವ ದೃಗ್ಗಣಿತದಲ್ಲಿ ಅದು ಸುಮಾರು 50ರಿಂದ 67 ಗಳಿಗೆಯವರೆಗೂ ಹೋಗುತ್ತದೆ. ಗಳಿಗೆಗೆ 24 ನಿಮಿಷ. ವ್ಯತ್ಯಾಸ ಗಂಟೆಗಳಲ್ಲೇ ಬರುತ್ತದೆ.

ಇದರಲ್ಲಿ ಒಂದು ಸೊಗಸಾದ ಸಂಗತಿಯಿದೆ. ಹುಣ್ಣಿಮೆ ಅಮಾವಾಸ್ಯೆಗಳ ಹತ್ತಿರ ಎರಡು ಪಂಚಾಂಗಗಳೂ ಬಹಳಮಟ್ಟಿಗೆ ಹೊಂದುತ್ತವೆ. ಏಕೆಂದರೆ ಗ್ರಹಣ ಹಿಡಿಯುವುದು ಆಗಲೇ; ಲೆಕ್ಕ ತಪ್ಪಿದರೆ ಊರಿಗೆಲ್ಲ ಕಾಣುತ್ತದೆ. ಹಾಗಾಗಿ ಹಳಬರು ಚಂದ್ರನ ಲೆಕ್ಕವನ್ನು ಗ್ರಹಣಕ್ಕೆ ಹೊಂದುವಂತೆ ತಿದ್ದಿಕೊಂಡಿದ್ದರು. ಅಷ್ಟಮಿಯ ಆಸುಪಾಸಿಗೆ ಅಂಥ ಪರೀಕ್ಷೆಯಿಲ್ಲ. ಚಂದ್ರನ ನಡಿಗೆಯ ಇನ್ನೊಂದು ಓರೆ ಹೆಚ್ಚಾಗಿ ಎದ್ದು ಕಾಣುವುದೂ ಆಗಲೇ. ಪರೀಕ್ಷೆಯಾದ ಕಡೆ ಇಬ್ಬರೂ ಒಂದು, ಪರೀಕ್ಷೆಯಾಗದ ಕಡೆ ಜಗಳ. ನಮ್ಮಪ್ಪ ಹೋದದ್ದು ಅಷ್ಟಮಿಯಂದು!

ದೇಶಕ್ಕೆಲ್ಲ ಒಂದೇ ಲೆಕ್ಕ ತರುವ ಪ್ರಯತ್ನವೂ ನಡೆಯಿತು. 1952ರಲ್ಲಿ ವಿಜ್ಞಾನಿ ಮೇಘನಾದ ಸಹಾ ಅವರ ಅಧ್ಯಕ್ಷತೆಯಲ್ಲಿ ಪಂಚಾಂಗ ಸುಧಾರಣಾ ಸಮಿತಿ ಕೂತಿತು. ಆಗ ದೇಶದಲ್ಲಿ ಸುಮಾರು 30 ಬಗೆಯ ಪಂಚಾಂಗಗಳಿದ್ದವಂತೆ. 1955ರಲ್ಲಿ ವರದಿ ಬಂತು. 1957ರ ಮಾರ್ಚ್ 22ರಂದು ಶಕ 1879ರ ಚೈತ್ರ 1 ಎಂದು ರಾಷ್ಟ್ರೀಯ ಪಂಚಾಂಗ ಹೊರಟಿತು. ಸರ್ಕಾರಿ ಗೆಜೆಟ್ಟಿನಲ್ಲಿ ಅದು ಕೂತಿತು, ನಮ್ಮ ಮೊಳೆಗಳಿಗೆ ಬರಲಿಲ್ಲ.

ನಮ್ಮ ಮನೆಯ ತೊಡಕನ್ನು ಬಿಡಿಸಿದ್ದು ಅಮ್ಮ. ಮುಂದಿನ ಯುಗಾದಿಗೆ ಇಬ್ಬರು ಮಕ್ಕಳನ್ನೂ ನಂಜನಗೂಡಿಗೆ ಕರೆಸಿದಳು. ಬೇವುಬೆಲ್ಲ ಆದಮೇಲೆ ಎರಡೂ ಪಂಚಾಂಗಗಳನ್ನು ಮಣೆಯ ಮೇಲೆ ಅಕ್ಕಪಕ್ಕ ಬಿಡಿಸಿಟ್ಟಳು. ಒಬ್ಬ ಓದಬೇಕು, ಇನ್ನೊಬ್ಬ ತಾಳೆ ನೋಡಬೇಕು. ಎಲ್ಲಿ ಬೇರೆಯಾಯಿತೋ ಅಲ್ಲಿ ಕೆಂಪು ಪೆನ್ಸಿಲ್ಲಿನ ಗೆರೆ. ವರ್ಷಕ್ಕೆಲ್ಲ ಬಿದ್ದದ್ದು ಬೆರಳೆಣಿಕೆಯ ಗೆರೆಗಳು. "ಯಾರದು ಸರಿ ಅಂತ ನಾನು ಕೇಳ್ತಿಲ್ಲ. ಈ ಗೆರೆ ಇರೋ ದಿನಗಳಿಗೆ ಏನು ಮಾಡ್ತೀರಿ, ಇವತ್ತೇ ಹೇಳಿ" ಎಂದಳು. ಶ್ರಾದ್ಧಕ್ಕೆ ಅಣ್ಣನ ಪಂಚಾಂಗ, ಹಬ್ಬಕ್ಕೆ ತಮ್ಮನದು ಎಂದು ತೀರ್ಮಾನವಾಯಿತು. ತಮ್ಮ ಗೊಣಗಿದ, ತಪ್ಪು ಲೆಕ್ಕಕ್ಕೆ ತಲೆಬಾಗಬೇಕೇ ಎಂದ. ಅಮ್ಮ, "ತಪ್ಪಾದರೆ ಇಬ್ಬರೂ ಒಟ್ಟಿಗೆ ತಪ್ಪು ಮಾಡಿ, ಬೇರೆ ಬೇರೆ ಸರಿ ಮಾಡಬೇಡಿ" ಎಂದಳು. ಅಲ್ಲಿಂದ ಪ್ರತಿ ಯುಗಾದಿಗೂ ಆ ಕೆಂಪು ಪೆನ್ಸಿಲ್ಲು ಹೊರಬರುತ್ತಿತ್ತು.

ಎಷ್ಟೋ ವರ್ಷಗಳ ನಂತರ, ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ಅಣ್ಣನ ಮಗಳು ಯುಗಾದಿಗೆ ಬಂದಿದ್ದಾಗ ಈ ಗೆರೆಗಳನ್ನು ನೋಡಿ ಜೋರಾಗಿ ನಕ್ಕಳು. "ಅತ್ತೆ, ನನಗೆ ಸಂಬಳ ಕೊಡೋದು ಇದೇ ಕೆಲಸಕ್ಕೆ" ಎಂದಳು. ಬ್ಲಾಕ್‌ಚೈನ್ ಎಂಬ ಹೆಸರನ್ನು ನಾನು ಪತ್ರಿಕೆಯಲ್ಲಿ ಮಾತ್ರ ಕಂಡಿದ್ದೆ. ಅವಳು ಹೇಳಿದ್ದನ್ನು ನನಗೆ ತಿಳಿದಂತೆ ಹೇಳುತ್ತೇನೆ.

ಅದೊಂದು ಲೆಕ್ಕದ ಪುಸ್ತಕ. ಶಾನುಭೋಗರ ಪೆಟ್ಟಿಗೆಯಲ್ಲಿ ಒಂದೇ ಪ್ರತಿ ಇರುವಂಥದ್ದಲ್ಲ. ಲೋಕದ ಸಾವಿರಾರು ಕಂಪ್ಯೂಟರುಗಳಲ್ಲಿ ಅದೇ ಪುಸ್ತಕ ಇರುತ್ತದೆ. ಅವಕ್ಕೆ ನೋಡ್ ಎಂದು ಹೆಸರು. ಹೊಸ ಹಾಳೆ ಬಂದಾಗ ಪ್ರತಿ ನೋಡೂ ತಾನೇ ಲೆಕ್ಕ ಹಾಕಿ, ಸರಿಯಿದ್ದರೆ ಸೇರಿಸಿಕೊಳ್ಳುತ್ತದೆ. ಪ್ರತಿ ಹಾಳೆಯಲ್ಲೂ ಹಿಂದಿನ ಹಾಳೆಯ ಗುರುತು ಇರುತ್ತದೆ. ಆದ್ದರಿಂದ ಒಂದು ಹಾಳೆಯಲ್ಲಿ ಅಭಿಪ್ರಾಯ ಒಡೆದರೆ ಮುಂದಿನದೆಲ್ಲ ಒಡೆಯುತ್ತದೆ, ಒಂದು ಪುಸ್ತಕ ಎರಡಾಗುತ್ತದೆ. ಎರಡಾದರೆ ಅದೇ ಹಣವನ್ನು ಎರಡು ಕಡೆ ಖರ್ಚು ಮಾಡಿಬಿಡಬಹುದು.

ಬಿಟ್‌ಕಾಯಿನ್‌ನಲ್ಲಿ 2013ರ ಮಾರ್ಚ್ 11ರ ರಾತ್ರಿ ಹೀಗೇ ಆಯಿತು. ಆ ತಂತ್ರಾಂಶದ 0.7 ಎಂಬ ಹಳೆಯ ಆವೃತ್ತಿ ಒಂದು ಹಾಳೆಯನ್ನು ಬರೆದುಕೊಳ್ಳುವಾಗ ಇಂತಿಷ್ಟೇ ಬೀಗ ಹಾಕಬಲ್ಲೆ ಎಂಬ ಮಿತಿಯಿದ್ದ ಉಗ್ರಾಣವನ್ನು ಬಳಸುತ್ತಿತ್ತು. ಆ ಮಿತಿ ಯಾವ ನಿಯಮದಲ್ಲೂ ಬರೆದಿರಲಿಲ್ಲ, ಮಾಡಿದವರ ಗಮನಕ್ಕೂ ಬಂದಿರಲಿಲ್ಲ. ಹೊಸ 0.8 ಉಗ್ರಾಣವನ್ನೇ ಬದಲಿಸಿತ್ತು. ಆ ರಾತ್ರಿ ಬಂದ ಒಂದು ದೊಡ್ಡ ಹಾಳೆಯನ್ನು ಹೊಸದು ಒಪ್ಪಿತು, ಹಳೆಯದು ಬೇಡವೆಂದಿತು. ಪುಸ್ತಕ ಸುಮಾರು ಆರು ಗಂಟೆ ಎರಡಾಗಿ ನಡೆಯಿತು. ಹೊಸದೇ ಉತ್ತಮ, ಅದರ ಹಿಂದೆಯೇ ಬಲ ಹೆಚ್ಚಿತ್ತು. ಆದರೂ ಹಳೆಯದನ್ನು ನಂಬಿದವರು ದಂಡಿಯಾಗಿ ಇದ್ದುದರಿಂದ, ಹಾಳೆ ಬರೆಯುವವರನ್ನು ಹಳೆಯದಕ್ಕೇ ಮರಳಿರೆಂದು ಕೇಳಿಕೊಂಡರು. ಮರಳಿದವರು ತಮ್ಮ ಗಳಿಕೆಯನ್ನು ಕಳೆದುಕೊಂಡರು. 24 ಹಾಳೆ ವ್ಯರ್ಥವಾಯಿತು. ಆಮೇಲೆ, ಮೇ 15ರ ಹೊತ್ತಿಗೆ ಎಲ್ಲರೂ ಬದಲಾಗತಕ್ಕದ್ದೆಂದು ದಿನ ಗೊತ್ತುಮಾಡಿದರು. ಇಂಗ್ಲೆಂಡು 1752ರಲ್ಲಿ ಸೆಪ್ಟೆಂಬರ್ 2ರ ಮರುದಿನವನ್ನು 14 ಎಂದು ಎಣಿಸಿದ್ದೂ ಹಾಗೆಯೇ. ಬದಲಾವಣೆ ಬೇಕು, ಆದರೆ ಎಲ್ಲರಿಗೂ ಒಂದೇ ದಿನ.

"ಹಾಗಾದರೆ ಎಲ್ಲರೂ ಒಂದೇ ತಂತ್ರಾಂಶ ಇಟ್ಟುಕೊಳ್ಳಬಾರದೇ?" ಎಂದು ಕೇಳಿದೆ. ಇಥೀರಿಯಮ್ ಎಂಬ ಇನ್ನೊಂದು ಪುಸ್ತಕಕ್ಕೆ ಬೇಕೆಂದೇ ಹಲವು ತಂತ್ರಾಂಶಗಳಂತೆ. 2016ರಲ್ಲಿ ಕಿಡಿಗೇಡಿಗಳು ಹೆಚ್ಚಿನವರು ಬಳಸುತ್ತಿದ್ದ ಗೆತ್ ಎಂಬುದನ್ನು ಕೆಡವಲು ನೋಡಿದಾಗ ಪ್ಯಾರಿಟಿ ಎಂಬುದು ಪುಸ್ತಕವನ್ನು ಎತ್ತಿಹಿಡಿಯಿತು. ಅದೇ ವರ್ಷ ನವೆಂಬರ್ 24ರಂದು ಈ ಎರಡೇ ಬೇರೆಯಾದವು. ಖಾಲಿ ಖಾತೆಗಳನ್ನು ಅಳಿಸುವ ಹೊಸ ನಿಯಮ ಬಂದು ಎರಡು ದಿನವಾಗಿತ್ತು. ಶುಲ್ಕ ಸಾಲದೆ ಅರ್ಧಕ್ಕೆ ನಿಂತ ವ್ಯವಹಾರದಲ್ಲಿ ಅಳಿಸಿದ್ದನ್ನು ಮತ್ತೆ ಬರೆಯಬೇಕಿತ್ತು, ಗೆತ್ ಬರೆಯಲಿಲ್ಲ. ಈ ಸಲ ತಪ್ಪಿದ್ದು ಬಹುಮಂದಿಯ ಕಡೆ. ತಿದ್ದಲು ಕೂತಾಗ ಪ್ಯಾರಿಟಿಯಲ್ಲೂ ಅಂಥದೇ ಒಂದು ಚಿಕ್ಕ ತಪ್ಪು ಕಂಡಿತು. ಗೆತ್‌ನವರು ಏನು ಮಾಡಿದರು ಗೊತ್ತೇ? ತಮ್ಮ ದೊಡ್ಡ ತಪ್ಪನ್ನು ತಿದ್ದಿಕೊಂಡರು, ಪ್ಯಾರಿಟಿಯ ಆ ಚಿಕ್ಕ ತಪ್ಪನ್ನು ಹಾಗೇ ತಾವೂ ಮಾಡುವಂತೆ ಹೊಂದಿಸಿಕೊಂಡರು!

ನಾನು ಅಣ್ಣನ ಮುಖ ನೋಡಿದೆ, ಅಣ್ಣ ತಮ್ಮನ ಮುಖ ನೋಡಿದ. ಅಮ್ಮನ ಮಾತೇ ಅದು.

ಈಗ ಆ ಎಲ್ಲ ತಂತ್ರಾಂಶಗಳಿಗೂ ಒಂದೇ ಪ್ರಶ್ನೆಪತ್ರಿಕೆ ಕೊಟ್ಟು, ಉತ್ತರ ಎಲ್ಲಿ ಬೇರೆಯಾಗುತ್ತದೆಂದು ನಿಯಮ ಜಾರಿಗೆ ಬರುವ ಮೊದಲೇ ಹುಡುಕುತ್ತಾರಂತೆ. ಹುಡುಗಿಯ ಕೆಲಸ ಅದೇ. ಗ್ರಹಣದ ದಿನದ ಲೆಕ್ಕವನ್ನು ಯಾರಾದರೂ ನೋಡುತ್ತಾರೆ, ನೋಡಬೇಕಾದದ್ದು ಅಷ್ಟಮಿಯನ್ನು ಎಂದು ನಾನು ಹೇಳಿದ್ದನ್ನು ಅವಳು ಬರೆದುಕೊಂಡಳು.

ಅಮ್ಮ ಈಗಿಲ್ಲ. ಯುಗಾದಿಗೆ ಮಣೆಯ ಮೇಲೆ ಎರಡು ಪಂಚಾಂಗ ಇಡುವುದನ್ನು ನಾವು ಬಿಟ್ಟಿಲ್ಲ. ಪೆನ್ಸಿಲ್ಲು ನನ್ನ ಕೈಗೆ ಬಂದಿದೆ. ಅಮ್ಮ ಹೋದದ್ದು ಹುಣ್ಣಿಮೆಯಂದು. ಅವಳ ತಿಥಿಯ ಮೇಲೆ ಇಷ್ಟು ವರ್ಷಗಳಲ್ಲಿ ಒಂದು ಸಲವೂ ಕೆಂಪು ಗೆರೆ ಬಿದ್ದಿಲ್ಲ.