ಮದ್ದೂರಿನಲ್ಲಿ ಇಳಿದವರು

ಮದ್ದೂರು ರೈಲು ನಿಲ್ದಾಣ ಎಂದರೆ ಎಲ್ಲರಿಗೂ ಮೊದಲು ನೆನಪಾಗುವುದು ವಡೆ. ಚರಿತ್ರೆಯಲ್ಲಿ ಆಸಕ್ತಿ ಇರುವವರಿಗೆ ಆ ನಿಲ್ದಾಣದ ಇನ್ನೊಂದು ಸಂಗತಿಯೂ ತಿಳಿದಿರಬೇಕು. ಶಿವನಸಮುದ್ರದ ಜಲವಿದ್ಯುತ್ ಯೋಜನೆ ಕಟ್ಟುತ್ತಿದ್ದ ದಿನಗಳಲ್ಲಿ, ಅಂದರೆ 1902ಕ್ಕೆ ಹಿಂದಿನ ಒಂದೆರಡು ವರ್ಷಗಳಲ್ಲಿ, ಅದಕ್ಕೆ ಹತ್ತಿರದ ರೈಲು ನಿಲ್ದಾಣ ಇದೇ ಆಗಿತ್ತು. ಹಡಗಿನಲ್ಲಿ ಬಂದು ರೈಲು ಹತ್ತಿದ ಯಂತ್ರಗಳು ಇಲ್ಲಿ ಇಳಿದವು. ಇಲ್ಲಿಂದ ಮಳವಳ್ಳಿಯ ಮೇಲೆ ಹಾದು ಕಾವೇರಿಯ ಕಮರಿಯವರೆಗೆ, ಸುಮಾರು ಐವತ್ತು ಕಿಲೋಮೀಟರು, ಅವು ಎತ್ತಿನ ಗಾಡಿಯಲ್ಲಿ ಹೋದವು. ಎತ್ತುಗಳ ಕೈಲಾಗದ್ದನ್ನು ಆನೆಗಳು ಎಳೆದವು.

ಯಂತ್ರಗಳ ಹಿಂದೆಯೇ ಅವನ್ನು ಜೋಡಿಸಬಲ್ಲ, ನಡೆಸಬಲ್ಲ ಮನುಷ್ಯರೂ ಇಳಿದರು. ನನಗೆ ಕುತೂಹಲ ಇರುವುದು ಈ ಮನುಷ್ಯರ ಬಗ್ಗೆ. ಯಂತ್ರವನ್ನು ದುಡ್ಡು ಕೊಟ್ಟು ತರಿಸಬಹುದು. ಆದರೆ ಬಲ್ಲವನೊಬ್ಬನನ್ನು ಅವನ ಊರು, ಅವನ ಸಂಬಳ, ಅವನ ಹೆಂಡತಿ ಮಕ್ಕಳ ಶಾಲೆ ಎಲ್ಲವನ್ನೂ ಬಿಡಿಸಿ ಮಳವಳ್ಳಿ ತಾಲ್ಲೂಕಿನ ಒಂದು ಬಂಡೆಯ ಮೇಲೆ ತಂದು ಕೂರಿಸುವುದು ಹೇಗೆ? ಇವತ್ತಿನ ಕಂಪನಿಗಳಲ್ಲಿ ಈ ಕೆಲಸಕ್ಕೇ ಒಂದು ವಿಭಾಗ ಇದೆ. ಅಭ್ಯರ್ಥಿಯನ್ನು ಹುಡುಕುವುದು, ಒಲಿಸಿಕೊಳ್ಳುವುದು, ಬಂದ ಮೇಲೆ ಉಳಿಸಿಕೊಳ್ಳುವುದು ಎಂದು ಅವರು ಮೂರು ಹಂತ ಹೇಳುತ್ತಾರೆ. ನಮ್ಮ ಮಂಡ್ಯ ಸೀಮೆ ಈ ಮೂರನ್ನೂ ನೂರಿಪ್ಪತ್ತು ವರ್ಷದ ಹಿಂದೆಯೇ ಕಂಡಿದೆ. ಅವರು ಹೇಳದ ನಾಲ್ಕನೆಯ ಪ್ರಶ್ನೆಯೊಂದನ್ನೂ ಕಂಡಿದೆ.

ಬಲ್ಲವರನ್ನು ಕರೆಸಿಕೊಳ್ಳುವುದು ಇಲ್ಲಿ ಹೊಸದೇನೂ ಅಲ್ಲ. ಅಗ್ರಹಾರ ಎಂಬ ವ್ಯವಸ್ಥೆ ಇದ್ದದ್ದೇ ಅದಕ್ಕೆ: ಓದಿದವರಿಗೆ ಮನೆ, ಭೂಮಿ, ಕಂದಾಯದ ವಿನಾಯಿತಿ ಕೊಟ್ಟು ಊರಲ್ಲಿ ನೆಲೆಗೊಳಿಸುವುದು. ಶ್ರೀರಂಗಪಟ್ಟಣದ ಟಿಪ್ಪು 1787ರಲ್ಲಿ ಫ್ರಾನ್ಸಿನ ದೊರೆಯ ಬಳಿಗೆ ರಾಯಭಾರಿಗಳನ್ನು ಕಳಿಸಿದಾಗ ಸೈನ್ಯದ ನೆರವಿನ ಜೊತೆಗೆ ಕುಶಲಕರ್ಮಿಗಳನ್ನೂ ಕೇಳಿದ. ಸೈನ್ಯ ಸಿಗಲಿಲ್ಲ, ಕೆಲವು ಕುಶಲಕರ್ಮಿಗಳು ಮಾತ್ರ ಬಂದರು. ಆದರೆ ಅಗ್ರಹಾರದ ಪಂಡಿತನಿಗೂ ಟಿಪ್ಪುವಿನ ಕುಶಲಕರ್ಮಿಗೂ ಸಿಕ್ಕಿದ್ದು ಅರಸನ ಕೃಪೆ. ಶಿವನಸಮುದ್ರಕ್ಕೆ ಬಂದವರಿಗೆ ಬೇಕಾದದ್ದು ಕೃಪೆ ಅಲ್ಲ, ಕರಾರುಪತ್ರ. ಇಷ್ಟು ವರ್ಷ, ಇಷ್ಟು ಸಂಬಳ, ಇಷ್ಟು ರಜೆ ಎಂದು ಬರೆದು ಸಹಿ ಹಾಕುವ ಆಧುನಿಕ ನೌಕರಿ ನಮ್ಮ ಕಡೆ ಕಾಲಿಟ್ಟದ್ದು ಅಲ್ಲಿ ಎಂದು ನನಗೆ ಅನಿಸುತ್ತದೆ.

ಯೋಜನೆಯ ಹಿಂದೆ ಇದ್ದವರು ದಿವಾನ್ ಶೇಷಾದ್ರಿ ಅಯ್ಯರ್. ಅದರ ಎಂಜಿನಿಯರ್ ಜೋಲಿ ಡಿ ಲಾಟ್‌ಬಿನಿಯರ್, ಕೆನಡಾದ ಕ್ವಿಬೆಕ್ ಕಡೆಯ ಮನೆತನದವರು, ಬ್ರಿಟಿಷ್ ಸೈನ್ಯದ ಎಂಜಿನಿಯರ್ ದಳದಿಂದ ಮೈಸೂರಿನ ಸೇವೆಗೆ ಬಂದವರು. ನದಿಯಿಂದ ಕರೆಂಟು ತೆಗೆದು ಸುಮಾರು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗೆ ಸಾಗಿಸುವುದು ಆಗಿನ ಕಾಲಕ್ಕೆ ದೊಡ್ಡ ಸಾಹಸ. ಅಷ್ಟು ದೂರದ ತಂತಿ ಎಳೆದು ಅನುಭವ ಇದ್ದವರು ಇಡೀ ಜಗತ್ತಿನಲ್ಲೇ ಬೆರಳೆಣಿಕೆಯಷ್ಟು. ಹಾಗಾಗಿ ಸಂಸ್ಥಾನ ಒಬ್ಬೊಬ್ಬರನ್ನೇ ಹುಡುಕುತ್ತ ಕೂರಲಿಲ್ಲ. ವಿದ್ಯುತ್ ಯಂತ್ರಗಳ ಗುತ್ತಿಗೆಯನ್ನು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಗೆ, ಟರ್ಬೈನುಗಳದ್ದನ್ನು ಸ್ವಿಟ್ಜರ್‌ಲೆಂಡಿನ ಎಷರ್ ವಿಸ್ ಕಂಪನಿಗೆ ಕೊಟ್ಟು, ಯಂತ್ರದ ಜೊತೆಗೇ ಅದನ್ನು ಬಲ್ಲವರನ್ನೂ ಪಡೆದುಕೊಂಡಿತು. 1902ರ ಜೂನ್ 30ರಂದು ಗಣಿಗೆ ಕರೆಂಟು ಹೋಯಿತು. ಅದನ್ನು ನೋಡಲು ಶೇಷಾದ್ರಿ ಅಯ್ಯರ್ ಇರಲಿಲ್ಲ. ಹಿಂದಿನ ವರ್ಷವೇ ತೀರಿಕೊಂಡಿದ್ದರು.

ಆ ವಿದ್ಯುದಾಗಾರದ ಮೇಲಿನ ವಸತಿ ಪ್ರದೇಶವನ್ನು ನಮ್ಮ ಕಡೆ ಇವತ್ತಿಗೂ ಬ್ಲಫ್ ಎನ್ನುತ್ತೇವೆ. ಕಡಿದಾದ ಬಂಡೆಗೆ ಇಂಗ್ಲಿಷಿನಲ್ಲಿರುವ ಹೆಸರು ಅದು. ನಮ್ಮ ಹಳ್ಳಿಗಳ ಬಾಯಲ್ಲಿ ಊರಿನ ಹೆಸರೇ ಆಗಿಹೋಯಿತು. ಮೇಲಿನಿಂದ ಕೆಳಗಿನ ಯಂತ್ರಾಗಾರಕ್ಕೆ ಇಳಿಯುವ ಟ್ರಾಲಿ, ಸಾಲುಮನೆಗಳು, ಬಂಗಲೆಗಳು ಅಲ್ಲಿ ಎದ್ದವು. ಮಲೇರಿಯಾಕ್ಕೆ ಹೆಸರಾಗಿದ್ದ ಕಣಿವೆಯಲ್ಲಿ ಕಲಿತವನೊಬ್ಬ ನಿಲ್ಲಬೇಕಾದರೆ ಸಂಬಳದ ಜೊತೆ ಒಳ್ಳೆಯ ಮನೆಯೂ ಬೇಕು ಎಂಬುದು ಸಂಸ್ಥಾನಕ್ಕೆ ಬೇಗ ಅರ್ಥವಾಗಿತ್ತು.

ಆದರೆ ಉಳಿಸಿಕೊಳ್ಳುವುದು ಅಷ್ಟು ಸುಲಭವಾಗಲಿಲ್ಲ. ಅಮೆರಿಕದಿಂದ ಬಂದ ಎಚ್.ಪಿ. ಗಿಬ್ಸ್ ಕಾವೇರಿ ವಿದ್ಯುತ್ ಯೋಜನೆಯ ಮುಖ್ಯ ಎಂಜಿನಿಯರ್ ಆಗಿದ್ದರು. ಟಾಟಾ ಸಂಸ್ಥೆ ಪಶ್ಚಿಮ ಘಟ್ಟದಲ್ಲಿ ನೀರು ಕಟ್ಟಿ ಮುಂಬಯಿಯ ಗಿರಣಿಗಳಿಗೆ ಕರೆಂಟು ಕೊಡಲು 1910ರಲ್ಲಿ ಹೊಸ ಕಂಪನಿ ತೆಗೆದಾಗ ಅದರ ಆಡಳಿತ ನೋಡಿಕೊಳ್ಳಲು ಇದೇ ಗಿಬ್ಸ್ ಹೋದರು. ಶಿವನಸಮುದ್ರದಲ್ಲಿ ಕೈ ಪಳಗಿದವನಿಗೆ ಮುಂಬಯಿ ಹೆಚ್ಚಿನದನ್ನು ಕೊಡಬಲ್ಲುದಾಗಿತ್ತು. ಒಂದು ಕಂಪನಿಯ ಅನುಭವಿಯನ್ನು ಇನ್ನೊಂದು ಕಂಪನಿ ಸೆಳೆದುಕೊಳ್ಳುವ ಆಟ ಐಟಿ ಕಾಲದ್ದು ಎಂದುಕೊಳ್ಳುವವರು ಈ ಪ್ರಸಂಗವನ್ನು ನೆನೆಯಬಹುದು.

ಇನ್ನೊಂದು ಬಗೆಯ ನೇಮಕಾತಿ ಅದೇ ಹೊತ್ತಿನಲ್ಲಿ ನಡೆಯಿತು. ಮುಂಬಯಿ ಪ್ರಾಂತ್ಯದ ಸೇವೆಯಿಂದ ನಿವೃತ್ತರಾಗಿದ್ದ ಎಂ. ವಿಶ್ವೇಶ್ವರಯ್ಯನವರಿಗೆ ಮೈಸೂರು ಸರ್ಕಾರ ಮುಖ್ಯ ಎಂಜಿನಿಯರ್ ಹುದ್ದೆಯ ಆಹ್ವಾನ ಕಳಿಸಿತು. ಅವರು ಸಂಬಳ ಎಷ್ಟು ಎಂದು ಕೇಳುವುದಕ್ಕಿಂತ ಮೊದಲು ಬೇರೆಯದನ್ನು ಕೇಳಿದರು: ತಾಂತ್ರಿಕ ಶಿಕ್ಷಣ ಮತ್ತು ಕೈಗಾರಿಕೆಗಳ ಬಗ್ಗೆ ತಮಗಿರುವ ಯೋಚನೆಗಳಿಗೆ ಅಲ್ಲಿ ಅವಕಾಶ ಸಿಗುವುದೇ? ಸಿಗುತ್ತದೆ ಎಂಬ ಭರವಸೆ ಬಂದ ಮೇಲೆ 1909ರ ನವೆಂಬರಿನಲ್ಲಿ ಕೆಲಸಕ್ಕೆ ಸೇರಿದರು. ಇಲ್ಲಿ ಸಂದರ್ಶನ ತಿರುಗುಮುರುಗಾಗಿದೆ. ಪ್ರಶ್ನೆ ಕೇಳಿದವರು ಅಭ್ಯರ್ಥಿ, ಉತ್ತರ ಕೊಟ್ಟಿದ್ದು ಸರ್ಕಾರ. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಯಿತು. ಮಂಡ್ಯದ ಇವತ್ತಿನ ಹಸಿರು ಆ ಉತ್ತರದ ಫಲ ಎಂದರೆ ಹೆಚ್ಚೇನೂ ಹೇಳಿದಂತಾಗದು.

ಕಟ್ಟೆಯ ನೀರು ಹೊಲಕ್ಕೆ ಬರುವ ಮೊದಲೇ ಮೈಸೂರಿಗೆ ಬಂದು ನೆಲೆಸಿದ್ದ ಇನ್ನೊಬ್ಬರು ಲೆಸ್ಲಿ ಕೋಲ್ಮನ್. ಕೆನಡಾದವರು, ಜರ್ಮನಿಯಲ್ಲಿ ಡಾಕ್ಟರೇಟ್ ಪಡೆದವರು. 1908ರಲ್ಲಿ ಶಿಲೀಂಧ್ರ ಮತ್ತು ಕೀಟಗಳ ತಜ್ಞರಾಗಿ ಸೇರಿ, ಮಲೆನಾಡಿನ ಅಡಿಕೆಗೆ ಬರುವ ಕೊಳೆರೋಗದ ಮೂಲ ಪತ್ತೆಮಾಡಿದರು. ಆಮೇಲೆ ಕೃಷಿ ಇಲಾಖೆಯ ನಿರ್ದೇಶಕರಾದರು. ಕರಾರು ಮುಗಿಸಿ ಹೋಗಿಬಿಡಬಹುದಾಗಿದ್ದ ಇವರು ನಡುವೆ ಬಿಡುವು ಪಡೆದರೂ ಮತ್ತೆ ಬಂದು 1930ರ ದಶಕದವರೆಗೂ ದುಡಿದರು. ಯಾಕೆ ಉಳಿದರು? ಗಿಬ್ಸ್ ಅವರಿಗೂ ಇವರಿಗೂ ನಾನು ಕಾಣುವ ವ್ಯತ್ಯಾಸ ಇದು: ಗಿಬ್ಸ್ ನಡೆಸಬೇಕಾಗಿದ್ದು ಸಿದ್ಧವಾದ ಯಂತ್ರವನ್ನು. ಕೋಲ್ಮನ್‌ಗೆ ಸಿಕ್ಕಿದ್ದು ಇನ್ನೂ ಕಟ್ಟಬೇಕಾಗಿದ್ದ ಇಲಾಖೆ, ಹೆಬ್ಬಾಳದ ಕೃಷಿ ಶಾಲೆ, ಮಂಡ್ಯದ ನಾಲೆ ಬಯಲು.

ಕೋಲ್ಮನ್ ಮಾಡಿದ ಇನ್ನೊಂದು ಕೆಲಸಕ್ಕೆ ನಾನು ಹೆಚ್ಚಿನ ಬೆಲೆ ಕೊಡುತ್ತೇನೆ. ಅವರು ತಮ್ಮ ಕೈಕೆಳಗಿನವರನ್ನು ಬೆಳೆಸಿದರು. ಮಲಬಾರಿನ ಕೆ. ಕುಂಞಿಕಣ್ಣನ್ ಅವರ ಸಹಾಯಕರಾಗಿ ಸೇರಿ, ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಓದಿ ಬಂದು, ಮೈಸೂರಿನ ಮೊದಲ ಭಾರತೀಯ ಕೀಟಶಾಸ್ತ್ರಜ್ಞರಾದರು. ಪಾಶ್ಚಾತ್ಯ ನಾಗರಿಕತೆಯ ಬಗ್ಗೆ ಪುಸ್ತಕವನ್ನೂ ಬರೆದರು. ಹೊರಗಿನಿಂದ ಬಂದ ತಜ್ಞ ಹೋದ ಮೇಲೆ ಆ ಕುರ್ಚಿಯಲ್ಲಿ ಕೂರಬಲ್ಲ ಒಬ್ಬನು ತಯಾರಾಗಿದ್ದಾನೆಯೇ ಎಂಬುದೇ ಒಳ್ಳೆಯ ನೇಮಕಾತಿಯ ಪರೀಕ್ಷೆ.

ಈಗ ನಾಲ್ಕನೆಯ ಪ್ರಶ್ನೆಗೆ ಬರುತ್ತೇನೆ. ಹೀಗೆ ಹುಡುಕುವವರ ಕಣ್ಣಿಗೆ ಯಾರು ಬೀಳುತ್ತಾರೆ, ಯಾರು ಬೀಳುವುದಿಲ್ಲ?

ಶೇಷಾದ್ರಿ ಅಯ್ಯರ್ ಕಾಲದಲ್ಲೇ ಮೈಸೂರು ಸಿವಿಲ್ ಸರ್ವಿಸ್‌ಗೆ ಸ್ಪರ್ಧಾ ಪರೀಕ್ಷೆ ಶುರುವಾಗಿತ್ತು. ಪರೀಕ್ಷೆ ಎಲ್ಲರಿಗೂ ಒಂದೇ. ಆದರೆ ಪರೀಕ್ಷೆಯ ಬಾಗಿಲಿನವರೆಗೆ ಹೋಗುವ ದಾರಿ ಎಲ್ಲರಿಗೂ ಒಂದೇ ಆಗಿರಲಿಲ್ಲ. ಮೊದಲು ಎದ್ದ ಜಗಳ ಮದರಾಸಿನವರು ಮತ್ತು ಮೈಸೂರಿನವರ ನಡುವಿನದು. ಮೈಸೂರು ಮೈಸೂರಿಗರಿಗೆ ಎಂಬ ಕೂಗು ಪತ್ರಿಕೆಗಳಲ್ಲಿ ಕೇಳಿತು. ಆಮೇಲೆ ಮೈಸೂರಿನವರು ಎಂದರೆ ಯಾರು ಎಂಬ ಪ್ರಶ್ನೆ ಬಂತು. ಒಕ್ಕಲಿಗರು, ಲಿಂಗಾಯತರು, ಮುಸ್ಲಿಮರು, ದಲಿತರು ಕಚೇರಿಗಳಲ್ಲಿ ಎಷ್ಟು ಮಂದಿ ಇದ್ದಾರೆ? 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯಲ್ಲಿ ಸಮಿತಿ ಮಾಡಿದರು. ಏಳು ವರ್ಷಗಳೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನ ಹುದ್ದೆಗಳಲ್ಲಿ ಮೂರನೇ ಎರಡು ಪಾಲು ಹಿಂದುಳಿದವರಿಗೆ ಸಿಗಬೇಕು ಎಂದು ಅದು ಹೇಳಿತು. ಅರ್ಹತೆಯೊಂದೇ ಅಳತೆ ಆಗಿರಬೇಕೆಂದು ನಂಬಿದ್ದ ವಿಶ್ವೇಶ್ವರಯ್ಯನವರಿಗೆ ಈ ದಾರಿ ಒಪ್ಪಿಗೆಯಾಗಲಿಲ್ಲ. ಅದೇ ವರ್ಷದ ಕೊನೆಗೆ ಅವರು ದಿವಾನಗಿರಿ ಬಿಟ್ಟರು.

ನಮ್ಮ ಕಡೆಯ ಮನೆಗಳಲ್ಲಿ ವಿಶ್ವೇಶ್ವರಯ್ಯನವರ ಫೋಟೋ ನಾಲ್ವಡಿಯವರ ಫೋಟೋದ ಪಕ್ಕದಲ್ಲಿ ಇರುತ್ತದೆ. ಇಬ್ಬರೂ ಈ ವಿಷಯದಲ್ಲಿ ಬೇರೆ ಬೇರೆ ದಾರಿ ಹಿಡಿದರು ಎಂಬುದನ್ನು ಆ ಗೋಡೆ ಹೇಳುವುದಿಲ್ಲ. ನಾನು ಇಬ್ಬರಿಗೂ ಋಣಿ. ಆದರೆ ಮಂಡ್ಯದ ಚರಿತ್ರೆ ಓದುತ್ತ ಓದುತ್ತ ನನಗೆ ಸಮಿತಿಯ ಪ್ರಶ್ನೆಯೇ ಹೆಚ್ಚು ನಿಜ ಎನಿಸಿದೆ. ಅದಕ್ಕೆ ಕಾರಣ ಸಕ್ಕರೆ ಕಾರ್ಖಾನೆ.

1930ರ ದಶಕದ ಆರಂಭದಲ್ಲಿ ಇರ್ವಿನ್ ನಾಲೆಯ, ಅಂದರೆ ಈಗಿನ ವಿಶ್ವೇಶ್ವರಯ್ಯ ನಾಲೆಯ, ನೀರು ಮಂಡ್ಯ, ಮದ್ದೂರು, ಮಳವಳ್ಳಿಯ ಹೊಲಗಳಿಗೆ ಹರಿಯಿತು. 1933ರಲ್ಲಿ, ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ, ಕೋಲ್ಮನ್ ಮುತುವರ್ಜಿಯಿಂದ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು. ನಮ್ಮ ಬಾಯಲ್ಲಿ ಅದು ಮೈಷುಗರ್. ಹಿಂದಿನ ವರ್ಷವಷ್ಟೇ ಭಾರತ ಸರ್ಕಾರ ದೇಶಿ ಸಕ್ಕರೆಗೆ ರಕ್ಷಣೆ ಕೊಡುವ ಕಾಯಿದೆ ತಂದಿತ್ತು. ಮೂವತ್ತರ ಆಸುಪಾಸಿನಲ್ಲಿದ್ದ ಕಾರ್ಖಾನೆಗಳು ನಾಲ್ಕೈದು ವರ್ಷದಲ್ಲಿ ನೂರ ಮೂವತ್ತು ದಾಟಿದವು. ಎಲ್ಲರಿಗೂ ಒಮ್ಮೆಗೇ ಕೆಮಿಸ್ಟ್ ಬೇಕು, ಎಂಜಿನಿಯರ್ ಬೇಕು, ಪಾಕ ಬೇಯಿಸುವ ಪ್ಯಾನಿನ ಮುಂದೆ ನಿಲ್ಲುವವನು ಬೇಕು. ಸಕ್ಕರೆಯ ತಂತ್ರವನ್ನೇ ಕಲಿಸುವ ಕೇಂದ್ರ ಸಂಸ್ಥೆ ಕಾನ್ಪುರದಲ್ಲಿ ಶುರುವಾದದ್ದು 1936ರಲ್ಲಿ. ಅಲ್ಲಿಯವರೆಗೆ ಬಲ್ಲವರಿಗಾಗಿ ಕಾರ್ಖಾನೆ ಕಾರ್ಖಾನೆಗಳ ನಡುವೆಯೇ ಪೈಪೋಟಿ ಇರದೆ ಹೇಗೆ?

ಆಗ ಮಂಡ್ಯದಲ್ಲಿ ಬೆಲ್ಲ ಬಲ್ಲವರಿಗೆ ಬರ ಇರಲಿಲ್ಲ. ಆಲೆಮನೆಯಲ್ಲಿ ಪಾಕದ ಹದ ನೋಡುವವನನ್ನು ಗಮನಿಸಿ. ಕೊಪ್ಪರಿಗೆಯ ಪಾಕದ ಒಂದು ಹನಿಯನ್ನು ತಣ್ಣೀರಿಗೆ ಬಿಡುತ್ತಾನೆ, ಬೆರಳಲ್ಲಿ ಉಂಡೆ ಮಾಡಿ ನೋಡುತ್ತಾನೆ, ಉರಿ ತಗ್ಗಿಸು ಎನ್ನುತ್ತಾನೆ. ಒಂದು ನಿಮಿಷ ತಡವಾದರೆ ಇಡೀ ಕೊಪ್ಪರಿಗೆ ಹಾಳು. ಇಂಥವನನ್ನು ಗೌಡರು ಮುಂಗಡ ಕೊಟ್ಟು ಹಿಡಿದಿಟ್ಟುಕೊಳ್ಳುತ್ತಿದ್ದರು. ಅವನ ಕೈಗುಣ ಹತ್ತೂರಿಗೆ ಗೊತ್ತಿರುತ್ತಿತ್ತು. ಅವನಿಗೆ ಅರ್ಜಿ ಇಲ್ಲ, ಪ್ರಮಾಣಪತ್ರ ಇಲ್ಲ, ಅವನು ಮಾಡಿದ ಬೆಲ್ಲವೇ ಅವನ ಪರಿಚಯ. ಕಾರ್ಖಾನೆಯ ಕೆಲಸಕ್ಕೆ ಆ ಜ್ಞಾನ ಸಾಲದು, ನಿಜ. ನಿರ್ವಾತದ ಪ್ಯಾನು, ಪ್ರಯೋಗಾಲಯದ ಲೆಕ್ಕ ಬೇರೆಯೇ ವಿದ್ಯೆ. ಆದರೆ ಆ ವಿದ್ಯೆಯನ್ನು ಇವನ ಮಗ ಕಲಿಯಲು ಹತ್ತಿರದಲ್ಲಿ ಒಂದು ಕಾಲೇಜಾದರೂ ಬೇಕಿತ್ತಲ್ಲ? ಎಂಜಿನಿಯರಿಂಗ್ ಓದಬೇಕೆಂದರೆ ವಿಶ್ವೇಶ್ವರಯ್ಯನವರೇ 1917ರಲ್ಲಿ ತೆರೆಸಿದ ಬೆಂಗಳೂರಿನ ಕಾಲೇಜಿಗೆ ಹೋಗಬೇಕು. ಹೈಸ್ಕೂಲು ದಾಟುವುದೇ ಕಷ್ಟವಾಗಿದ್ದ ಹಳ್ಳಿಯ ಹುಡುಗನಿಗೆ ಅದು ದೂರದ ಮಾತು. ಹೀಗಾಗಿ ರೈತ ಕಬ್ಬು ಕೊಡುವವನಾಗಿ, ಷೇರುದಾರನಾಗಿ, ಹಂಗಾಮಿನ ಕೂಲಿಯಾಗಿ ಕಾರ್ಖಾನೆಯ ಗೇಟಿಗೆ ಬಂದ. ಅಭ್ಯರ್ಥಿಯಾಗಿ ಬರಲು ಇನ್ನೊಂದು ತಲೆಮಾರು ಬೇಕಾಯಿತು.

ಆ ತಲೆಮಾರನ್ನು ತಯಾರು ಮಾಡಲು ಕೈಹಾಕಿದವರಲ್ಲಿ ಮುಖ್ಯರು ಕೆ.ವಿ. ಶಂಕರಗೌಡರು. 1962ರಲ್ಲಿ ಅವರ ಮುಂದಾಳತ್ವದಲ್ಲಿ ಮಂಡ್ಯದಲ್ಲಿ ಪಿ.ಇ.ಎಸ್. ಎಂಜಿನಿಯರಿಂಗ್ ಕಾಲೇಜು ಆರಂಭವಾಯಿತು. ಶಿವನಸಮುದ್ರದಲ್ಲಿ ದೀಪ ಹತ್ತಿ ಅರವತ್ತು ವರ್ಷ, ಮೈಷುಗರ್ ಶುರುವಾಗಿ ಮೂವತ್ತು ವರ್ಷ ಆಗಿತ್ತು. ಕೋಲ್ಮನ್ ಕಾಲದ ನಾಲೆ ಬಯಲಿನ ಪ್ರಯೋಗ ಕ್ಷೇತ್ರ, ನಾವು ವಿ.ಸಿ. ಫಾರಂ ಎನ್ನುವುದು, ಕೃಷಿ ಕಾಲೇಜಾದದ್ದು 1991ರಲ್ಲಿ. ತಡವಾಯಿತು, ಆದರೂ ಆಯಿತು. ಹೊರಗಿನವರನ್ನು ಕರೆಸಿಕೊಂಡು ಬೆಳೆದ ಸೀಮೆ ಕೊನೆಗೆ ತನ್ನ ಮಕ್ಕಳನ್ನೇ ಎಂಜಿನಿಯರುಗಳನ್ನಾಗಿ ಮಾಡತೊಡಗಿತು.

ಈಗ ಕಂಪನಿಗಳು ಮಂಡ್ಯಕ್ಕೇ ಬಂದು ಕ್ಯಾಂಪಸ್ ಸಂದರ್ಶನ ಮಾಡುತ್ತವೆ. ಆಯ್ಕೆಯಾದವರು ಬೆಳಗಿನ ರೈಲಿಗೆ ಪಾಸು ಮಾಡಿಸಿ ಬೆಂಗಳೂರಿಗೆ ಹೋಗುತ್ತಾರೆ. ಕೆಲವರು ಇನ್ನೂ ದೂರ ಹೋಗುತ್ತಾರೆ, ಗಿಬ್ಸ್ ಬಂದ ದೇಶಕ್ಕೇ. ಇದನ್ನು ದೂರುವುದರಲ್ಲಿ ಅರ್ಥವಿಲ್ಲ. ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ನಿಂತುಹೋಗಿದ್ದ ಮೈಷುಗರ್ 2022ರಲ್ಲಿ ಮತ್ತೆ ಕಬ್ಬು ಅರೆಯಲು ಶುರುಮಾಡಿದಾಗ ಊರವರು ಸಂತೋಷಪಟ್ಟರು. ಹಳೆಯ ಯಂತ್ರವನ್ನು ದುರಸ್ತಿ ಮಾಡಿಸಬಹುದು. ಆದರೆ ಬೇರೆಡೆ ಒಳ್ಳೆಯ ಸಂಬಳ ಪಡೆಯುತ್ತಿರುವ ಮದ್ದೂರಿನ ಹುಡುಗಿಯೊಬ್ಬಳು, ಮಳವಳ್ಳಿಯ ಹುಡುಗನೊಬ್ಬ, ಇಲ್ಲಿಗೆ ಬಂದರೆ ನನ್ನ ಯೋಚನೆಗೆ ಜಾಗ ಇದೆಯೇ ಎಂದು ವಿಶ್ವೇಶ್ವರಯ್ಯನವರ ಹಾಗೆ ಕೇಳಿದರೆ, ಇದೆ ಎಂದು ಧೈರ್ಯವಾಗಿ ಬರೆದು ಕಳಿಸುವ ದಿವಾನರು ನಮ್ಮಲ್ಲಿ ಈಗ ಯಾರು?